ಕಲೆಗೆ ಅನುದಾನ: ಮಂಜೂರಾತಿಗೂ ನಗದಿಗೂ ನಡುವಿನ ಅಂತರ

ಊರಿನ ನಾಟಕ ತಂಡದವರೋ, ಯಕ್ಷಗಾನ ಮಂಡಳಿಯವರೋ, ಸಂಗೀತ ಸಭೆಯವರೋ ರಸೀದಿ ಪುಸ್ತಕ ಹಿಡಿದು ಪೇಟೆಬೀದಿಗೆ ಬಂದಾಗ ವರ್ತಕರ ಬಾಯಿಂದ ಸಾಮಾನ್ಯವಾಗಿ ಹೊರಡುವ ಪ್ರಶ್ನೆಯೊಂದಿದೆ: “ನಿಮಗೆ ಸರ್ಕಾರದ ಅನುದಾನ ಬರುತ್ತದಲ್ಲವೇ, ಮತ್ತೆ ನಮ್ಮಲ್ಲಿಗೇಕೆ ಬಂದಿರಿ?” ಪ್ರಶ್ನೆ ನ್ಯಾಯವಾದುದೇ. ವರ್ಷಕ್ಕೆ ಹತ್ತಾರು ಸಂಘಗಳಿಗೆ ವಂತಿಗೆ ಕೊಡುವ ವ್ಯಾಪಾರಿಗೆ ತನ್ನ ಹಣ ಯಾವ ಕೆಲಸಕ್ಕೆ ಸಲ್ಲುತ್ತದೆ ಎಂದು ತಿಳಿಯುವ ಹಕ್ಕಿದೆ. ಕೇಳಿಸಿಕೊಂಡವರು ಸಂಕೋಚದಿಂದ ನಕ್ಕು ಸುಮ್ಮನಾಗುವುದರಿಂದ ಪ್ರಶ್ನೆಗೆ ಉತ್ತರ ಮಾತ್ರ ದೊರೆಯುವುದಿಲ್ಲ.

ಅನುದಾನ ಬರುತ್ತದೆ ಎಂಬುದು ನಿಜ. ಆದರೆ ಅದು ಯಾವಾಗ ಬರುತ್ತದೆ, ಯಾವ ಬಾಬತ್ತಿಗೆ ಬರುತ್ತದೆ, ಬರುವ ಮುನ್ನ ಯಾರ ಹಣ ಖರ್ಚಾಗಿರುತ್ತದೆ ಎಂಬ ಮೂರು ಸಂಗತಿಗಳನ್ನು ಅರಿಯದೆ ಆ ಮಾತಿಗೆ ಅರ್ಥವಿಲ್ಲ. ಸರಕನ್ನು ಸಾಲದ ಮೇಲೆ ಕಳುಹಿಸಿ, ಬಾಕಿ ವಸೂಲಿಗೆ ತಿಂಗಳುಗಟ್ಟಲೆ ಕಾಯುವ ಸಣ್ಣ ಉದ್ಯಮಿಗೆ ಕಲಾ ಸಂಸ್ಥೆಗಳ ಈ ಪರಿಸ್ಥಿತಿ ಹೊಸದೆನಿಸಲಾರದು. ಕಲಾ ಸಂಸ್ಥೆಗಳ ಹಣಕಾಸಿನ ತೊಡಕು ಅನೇಕ ವೇಳೆ ಹಣದ ಕೊರತೆಗಿಂತ ಹೆಚ್ಚಾಗಿ ದುಡಿಯುವ ಬಂಡವಾಳದ ಕೊರತೆಯಾಗಿರುತ್ತದೆ. ಈ ಒಂದು ಅಂಶ ಮನದಟ್ಟಾದರೆ ವರ್ತಕರು ಕೊಡುವ ಅದೇ ಮೊತ್ತ ಈಗಿನದಕ್ಕಿಂತ ಹೆಚ್ಚು ಉಪಯುಕ್ತವಾಗಬಲ್ಲದು.

ಹಿಂದಿನ ಪೋಷಣೆಯ ಕ್ರಮ

ಅನುದಾನವೆಂಬ ವ್ಯವಸ್ಥೆ ಬರುವ ಮೊದಲೂ ನಮ್ಮ ನಾಡಿನಲ್ಲಿ ಕಲೆಗೆ ಹಣ ಒದಗುತ್ತಿತ್ತು. ಅರಮನೆ ಹಾಗೂ ದೇವಸ್ಥಾನಗಳ ಆಶ್ರಯ ಒಂದು ಬಗೆಯದು. ಕರಾವಳಿಯ ಯಕ್ಷಗಾನ ಬಯಲಾಟ ಮೇಳಗಳಲ್ಲಿ ಇಂದಿಗೂ ಉಳಿದಿರುವ ಹರಕೆ ಆಟ ಇನ್ನೊಂದು ಬಗೆಯದು. ಹರಕೆ ಹೊತ್ತ ಭಕ್ತರು ಒಂದು ರಾತ್ರಿಯ ಆಟದ ವೆಚ್ಚವನ್ನು ಭರಿಸುತ್ತಾರೆ. ಊರಿನವರು ಟಿಕೆಟಿಲ್ಲದೆ ನೋಡುತ್ತಾರೆ. ಕಟೀಲಿನಂತಹ ಪ್ರಸಿದ್ಧ ಕ್ಷೇತ್ರದ ಮೇಳಗಳಲ್ಲಿ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಗಡವಾಗಿ ಹೆಸರು ನೋಂದಾಯಿಸಿ ಕಾಯುವವರಿದ್ದಾರೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಬೇಡಿಕೆ ಮೊದಲು, ಪೂರೈಕೆ ನಂತರ.

ವೃತ್ತಿ ನಾಟಕ ಕಂಪನಿಗಳ ಕ್ರಮ ಬೇರೆಯಾಗಿತ್ತು. 1884ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ಹೆಸರಾದ ಗುಬ್ಬಿ ಕಂಪನಿಯೂ ಸೇರಿದಂತೆ ಈ ಸಂಸ್ಥೆಗಳು ಮುಖ್ಯವಾಗಿ ಟಿಕೆಟ್ ಹಣದ ಮೇಲೆ ನಿಂತವು. ಕೆಲವೊಮ್ಮೆ ಸ್ಥಳೀಯ ಕಂತ್ರಾಟುದಾರರು ಇಂತಿಷ್ಟು ಮೊತ್ತಕ್ಕೆ ಆಟಗಳನ್ನು ವಹಿಸಿಕೊಂಡು, ಲಾಭ ನಷ್ಟಗಳೆರಡನ್ನೂ ತಾವೇ ಹೊರುತ್ತಿದ್ದರು. ನಷ್ಟದ ಭಯವನ್ನು ಊರಿನ ವ್ಯಾಪಾರಿಯೊಬ್ಬ ತಲೆಯ ಮೇಲೆ ಹೊತ್ತುಕೊಂಡದ್ದರಿಂದಲೇ ಎಷ್ಟೋ ಊರುಗಳಲ್ಲಿ ನಾಟಕ ನಡೆಯಿತು.

ಮೂರನೆಯ ಮಾದರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ ಸಂಸ್ಥೆ ಉತ್ತಮ ನಿದರ್ಶನ. 1949ರಲ್ಲಿ ಗ್ರಾಮದವರೇ ಕಟ್ಟಿಕೊಂಡ ಈ ಹವ್ಯಾಸಿ ಸಂಘವನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡವನ್ನೂ ಆರಂಭಿಸಿತು. 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ಅನುದಾನದಿಂದ ‘ಜನಸ್ಪಂದನ’ ಯೋಜನೆಯನ್ನು ನಡೆಸಿತು. ಆ ಯೋಜನೆ ಮುಗಿಯಿತು; ಸಂಸ್ಥೆ ಉಳಿಯಿತು. ತಿರುಗಾಟದ ನಾಟಕಗಳನ್ನು ಊರೂರಿನಲ್ಲಿ ಏರ್ಪಡಿಸುವವರು ಆಯಾ ಸ್ಥಳದ ಸಂಘಟಕರೇ. ಅನುದಾನವು ಬಂದು ಹೋಗುವ ಹಣ, ಊರಿನ ಬೆಂಬಲ ನಿಲ್ಲುವ ಹಣ ಎಂಬುದನ್ನು ಈ ಇತಿಹಾಸ ತೋರಿಸುತ್ತದೆ.

ಅನುದಾನ, ದೇಣಿಗೆ, ಪ್ರಾಯೋಜಕತ್ವ

ಈ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಲ್ಲಿದ್ದರೂ ಲೆಕ್ಕಪತ್ರದ ದೃಷ್ಟಿಯಿಂದ ಇವು ಬೇರೆ ಬೇರೆ. ದೇಣಿಗೆ ಎಂದರೆ ಪ್ರತಿಫಲ ಬಯಸದೆ ಕೊಡುವ ಹಣ. ಸಂಸ್ಥೆ ತನ್ನ ಉದ್ದೇಶಗಳಿಗೆ ಅನುಗುಣವಾಗಿ ಅದನ್ನು ಬಳಸಬಹುದು. ಪ್ರಾಯೋಜಕತ್ವ ಎಂದರೆ ಹೆಸರು, ಫಲಕ, ಪ್ರಚಾರ ಮುಂತಾದ ಪ್ರತಿಫಲಕ್ಕಾಗಿ ಕೊಡುವ ಹಣ. ಅದು ವ್ಯಾಪಾರದ ವ್ಯವಹಾರ. ಅನುದಾನವಾದರೋ ನಿರ್ದಿಷ್ಟ ಕಾರ್ಯಕ್ಕೆ, ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ಬಾಬತ್ತುಗಳ ಮೇಲೆ ಖರ್ಚು ಮಾಡುವ ಷರತ್ತಿನ ಮೇಲೆ ದೊರೆಯುವ ಹಣ. ಮರುಪಾವತಿಯಿಲ್ಲ, ಆದರೆ ಷರತ್ತು ತಪ್ಪಿದರೆ ಹಿಂದಿರುಗಿಸಬೇಕಾಗುತ್ತದೆ. ವೇಷಭೂಷಣಕ್ಕೆ ಮಂಜೂರಾದ ಹಣದಲ್ಲಿ ತಾಲೀಮು ಕೊಠಡಿಯ ಬಾಡಿಗೆ ಕಟ್ಟುವಂತಿಲ್ಲ.

ಕೇಂದ್ರ ಸರ್ಕಾರದ ಯೋಜನೆಗಳು

ಸ್ವಾತಂತ್ರ್ಯಾನಂತರ ಸಂಗೀತ ನಾಟಕ ಅಕಾಡೆಮಿ, ಲಲಿತಕಲಾ ಅಕಾಡೆಮಿ, ಸಾಹಿತ್ಯ ಅಕಾಡೆಮಿಗಳು 1950ರ ದಶಕದ ಮೊದಲ ವರ್ಷಗಳಲ್ಲಿ ಕಾರ್ಯಾರಂಭ ಮಾಡಿದವು. ಇವುಗಳಲ್ಲದೆ ಸಂಸ್ಕೃತಿ ಸಚಿವಾಲಯವು ‘ಕಲಾ ಸಂಸ್ಕೃತಿ ವಿಕಾಸ ಯೋಜನೆ’ ಎಂಬ ಒಂದೇ ಹೆಸರಿನಡಿ ಹಲವು ಉಪಯೋಜನೆಗಳನ್ನು ನಡೆಸುತ್ತದೆ. ಅವುಗಳಲ್ಲಿ ನಮ್ಮ ಜಿಲ್ಲೆಗಳ ಸಂಸ್ಥೆಗಳಿಗೆ ಸಂಬಂಧಿಸಿದ ಕೆಲವನ್ನು ಇಲ್ಲಿ ಗಮನಿಸಬಹುದು.

ರೆಪರ್ಟರಿ ಅನುದಾನವೆಂದು ಬಹುಕಾಲದಿಂದ ಪರಿಚಿತವಾಗಿರುವ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ಒಂದು ಸಂಸ್ಥೆಯ ಒಬ್ಬ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಗರಿಷ್ಠ 18 ಶಿಷ್ಯರಿಗೆ ವಯಸ್ಸಿಗೆ ಅನುಗುಣವಾಗಿ ತಿಂಗಳಿಗೆ 2,000ದಿಂದ 10,000 ರೂಪಾಯಿ ನೆರವು ದೊರೆಯುತ್ತದೆ. ಇದು ಕಲಾವಿದರ ಸಂಭಾವನೆಗೆ ಮೀಸಲಾದ ಹಣ. ತಾಲೀಮು ಸ್ಥಳದ ಬಾಡಿಗೆ, ವಿದ್ಯುತ್ ಬಿಲ್ಲು, ಕಚೇರಿ ನೋಡಿಕೊಳ್ಳುವವರ ಸಂಬಳ ಇದರಿಂದ ಹೊರಡುವುದಿಲ್ಲ. ಅನುಭವಿ ನಟನಿಗೆ ದೊರೆಯುವ ಈ ಮೊತ್ತವನ್ನು ತಮ್ಮ ಮಳಿಗೆಯ ಸಹಾಯಕನಿಗೆ ಕೊಡುವ ಸಂಬಳದೊಡನೆ ಹೋಲಿಸಿ ನೋಡಿದರೆ ಕಲಾವಿದರ ಸ್ಥಿತಿ ವರ್ತಕರಿಗೆ ತಾನಾಗಿಯೇ ತಿಳಿಯುತ್ತದೆ.

ಸಾಂಸ್ಕೃತಿಕ ಸಮಾರಂಭ ಹಾಗೂ ನಿರ್ಮಾಣ ಅನುದಾನ ಯೋಜನೆಯು ನಾಟಕ, ನೃತ್ಯ, ಸಂಗೀತ ಪ್ರಯೋಗಗಳಿಗೂ ಉತ್ಸವ, ಕಾರ್ಯಾಗಾರ, ವಿಚಾರಸಂಕಿರಣಗಳಿಗೂ ಅನ್ವಯಿಸುತ್ತದೆ. ಸಾಮಾನ್ಯವಾಗಿ ಇದರ ಗರಿಷ್ಠ ಮಿತಿ 5 ಲಕ್ಷ ರೂಪಾಯಿ. ವಿಶೇಷ ಸಂದರ್ಭಗಳಲ್ಲಿ 20 ಲಕ್ಷದವರೆಗೆ ಏರಿಸಲು ಅವಕಾಶವಿದೆ. ಕಟ್ಟಡ ಅನುದಾನದಲ್ಲಿ ಮಹಾನಗರಗಳಿಗೆ 50 ಲಕ್ಷ, ಇತರ ಊರುಗಳಿಗೆ 25 ಲಕ್ಷ ರೂಪಾಯಿಗಳ ಮಿತಿಯಿದೆ.

ವ್ಯಕ್ತಿಗಳಿಗೂ ನೆರವುಂಟು. 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷಗಳ ಕಾಲ ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನ. 25ರಿಂದ 40 ವರ್ಷದವರಿಗೆ ಕಿರಿಯ ಫೆಲೋಶಿಪ್ ಎಂದು ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಹಿರಿಯ ಫೆಲೋಶಿಪ್ ಎಂದು 20,000 ರೂಪಾಯಿ. ತಿಂಗಳ ಲೆಕ್ಕದಲ್ಲಿ ಹೇಳಿದರೂ ಹಣ ಪ್ರತಿ ತಿಂಗಳು ಬರುವುದಿಲ್ಲ. ಆರು ತಿಂಗಳಿಗೊಮ್ಮೆಯಂತೆ ನಾಲ್ಕು ಸಮ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಅರವತ್ತು ವರ್ಷ ದಾಟಿದ, ವಾರ್ಷಿಕ ಆದಾಯ 72,000 ರೂಪಾಯಿ ಮೀರದ ಹಿರಿಯ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ಸಹಾಯಧನ ನೀಡುವ ಯೋಜನೆಯೂ ಇದೆ.

ರಾಜ್ಯದ ನೆರವು ಮತ್ತು ಖಾಸಗಿ ಅನುದಾನ

ಕರ್ನಾಟಕದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಂಘ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಧನಸಹಾಯ, ವಾದ್ಯ ಪರಿಕರ ಹಾಗೂ ವೇಷಭೂಷಣ ಖರೀದಿಗೆ ನೆರವು, ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ನೀಡುತ್ತದೆ. ಅರ್ಜಿಗಳನ್ನು ಸೇವಾ ಸಿಂಧು ಜಾಲತಾಣದ ಮೂಲಕ ಸಲ್ಲಿಸುವ ವ್ಯವಸ್ಥೆ ಬಂದಿದೆ. ವಿವರಣೆಗೆ ಜಿಲ್ಲೆಯಲ್ಲಿರುವ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ ಇದೆ. ನಾಟಕ, ಸಂಗೀತ ನೃತ್ಯ, ಲಲಿತಕಲೆ, ಜಾನಪದ, ಯಕ್ಷಗಾನ ಮುಂತಾದ ಅಕಾಡೆಮಿಗಳೂ ತಮ್ಮ ತಮ್ಮ ಕ್ಷೇತ್ರದಲ್ಲಿ ಕೆಲಸ ಮಾಡುತ್ತವೆ. 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣ ಸರ್ಕಾರವೇ ಸ್ಥಾಪಿಸಿದ ರೆಪರ್ಟರಿ. ಅದರ ಹಣಕಾಸನ್ನು ಖಾಸಗಿ ತಂಡಗಳ ಹಣಕಾಸಿನೊಡನೆ ಹೋಲಿಸುವುದು ಸರಿಯಲ್ಲ.

ಖಾಸಗಿ ವಲಯದಲ್ಲಿ 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ನೀಡತೊಡಗಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಉಲ್ಲೇಖಾರ್ಹ. ಕಲಾ ಸಂಶೋಧನೆ, ಕಲಾ ಪ್ರಯೋಗ, ಕಲಾ ಶಿಕ್ಷಣ ಮೊದಲಾದ ವಿಭಾಗಗಳಲ್ಲಿ ಅದು ವ್ಯಕ್ತಿಗಳಿಗೂ ನೆರವು ನೀಡುತ್ತದೆ. ‘ಕಲಿ-ಕಲಿಸು’ ಎಂಬ ಅದರ ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರನ್ನೂ ಕಲಾವಿದರನ್ನೂ ತಲುಪಿದೆ. ಇಂತಹ ಸಂಸ್ಥೆಗಳು ಕೊಡುವ ಹಣವನ್ನು ಮೊದಲು ತಾವೇ ದಾನಿಗಳಿಂದ ಸಂಗ್ರಹಿಸಬೇಕಾಗಿರುತ್ತದೆ ಎಂಬುದನ್ನು ಮರೆಯಬಾರದು.

ವಿದೇಶಿ ನೆರವಿನ ಮಾರ್ಗ ಈಗ ಕಿರಿದಾಗಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯನ್ನೂ ಶೇಕಡಾ 50ರಿಂದ 20ಕ್ಕೆ ಇಳಿಸಲಾಗಿದೆ. ದೊಡ್ಡ ಸಂಸ್ಥೆಯೊಂದು ವಿದೇಶಿ ನೆರವು ತಂದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುವ ಕ್ರಮ ಇದರಿಂದ ನಿಂತುಹೋಯಿತು. ಆದ್ದರಿಂದ ದೇಶದೊಳಗಿನ, ಅದರಲ್ಲೂ ಸ್ಥಳೀಯ ಹಣದ ಮಹತ್ವ ಹೆಚ್ಚಿದೆ.

ಅರ್ಜಿಯಿಂದ ಲೆಕ್ಕ ಒಪ್ಪಿಸುವವರೆಗೆ

ಅನುದಾನ ಬೇಡುವ ಸಂಸ್ಥೆ ಮೊದಲು ನೋಂದಾಯಿತ ಸಂಘವೋ ನ್ಯಾಸವೋ ಆಗಿರಬೇಕು. ನೋಂದಣಿ ಪತ್ರ, ಉಪವಿಧಿ, ಪ್ಯಾನ್, ಹಿಂದಿನ ವರ್ಷಗಳ ಲೆಕ್ಕಪರಿಶೋಧಿತ ತಖ್ತೆಗಳು, ಮಾಡಿದ ಕೆಲಸದ ದಾಖಲೆ ಇವೆಲ್ಲ ಅಗತ್ಯ. ಕೇಂದ್ರದ ಅನುದಾನಕ್ಕೆ ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಣಿಯೂ ಬೇಕು. ಮೂವತ್ತು ವರ್ಷ ನಾಟಕವಾಡಿದರೂ ಲೆಕ್ಕ ಬರೆಯದ ತಂಡ ಇಲ್ಲಿಯೇ ಹಿಂದೆ ಬೀಳುತ್ತದೆ. ಅದರ ಕಲೆಯಲ್ಲಿ ಕೊರತೆಯಿರುವುದಿಲ್ಲ, ಖಾತಾವಹಿಯಲ್ಲಿ ಇರುತ್ತದೆ.

ಅರ್ಜಿ ತಜ್ಞರ ಸಮಿತಿಯ ಮುಂದೆ ಹೋಗುತ್ತದೆ. ಕೇಳಿದಷ್ಟೂ ಮಂಜೂರಾಗುತ್ತದೆಂಬ ಭರವಸೆಯಿಲ್ಲ. ಮಂಜೂರಾತಿ ಆದೇಶ ಬಂದ ಬಳಿಕ ಮೊದಲ ಕಂತು, ಕೆಲಸ ಮುಗಿದು ಲೆಕ್ಕ ಸಲ್ಲಿಸಿದ ಬಳಿಕ ಉಳಿದ ಕಂತು ಬರುವುದು ಸಾಮಾನ್ಯ ಪದ್ಧತಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಹಣ ಬಳಕೆ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಸಲ್ಲಿಸಬೇಕು. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿಯನ್ನು ಸರ್ಕಾರಕ್ಕೆ ಕಟ್ಟಬೇಕು. ಮುಖ್ಯವಾಗಿ ಅನುದಾನದಿಂದಲೇ ಕೊಂಡ ಆಸ್ತಿಯನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಲೆಕ್ಕಗಳು ಮಹಾಲೇಖಪಾಲರ ಪರಿಶೋಧನೆಗೂ ಒಳಪಡಬಹುದು. ಒಂದು ಅನುದಾನದ ಪ್ರಮಾಣಪತ್ರ ಬಾಕಿ ಉಳಿದರೆ ಮುಂದಿನದಕ್ಕೆ ತಡೆ ಬೀಳುತ್ತದೆ. ಸಾರ್ವಜನಿಕರ ತೆರಿಗೆ ಹಣವಾದ್ದರಿಂದ ಈ ಬಿಗಿ ಸಹಜವೇ ಸರಿ. ಅದನ್ನು ನಿಭಾಯಿಸುವ ಶಕ್ತಿ ಸಣ್ಣ ಸಂಘಗಳಿಗೆ ಇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಒಂದು ಮಾದರಿ ಲೆಕ್ಕ

ವಿಷಯ ಸ್ಪಷ್ಟವಾಗಲು ಕಲ್ಪಿತ ಉದಾಹರಣೆಯೊಂದನ್ನು ಪರಿಶೀಲಿಸಬಹುದು. ಜಿಲ್ಲಾ ಕೇಂದ್ರದ ತಂಡವೊಂದು ಹೊಸ ನಾಟಕ ಕಟ್ಟಿ ಹತ್ತು ಊರುಗಳಲ್ಲಿ ಪ್ರದರ್ಶಿಸಲು 8 ಲಕ್ಷ ರೂಪಾಯಿ ಬೇಕೆಂದು ಅಂದಾಜು ಮಾಡಿದೆ ಎಂದಿಟ್ಟುಕೊಳ್ಳಬಹುದು. ಮಂಜೂರಾದದ್ದು 5 ಲಕ್ಷ. ಮೊದಲ ಕಂತಾಗಿ ಅದರ ಮುಕ್ಕಾಲು ಭಾಗ, ಅಂದರೆ 3,75,000 ರೂಪಾಯಿ ಬರುತ್ತದೆ. ಉಳಿದ 1,25,000 ರೂಪಾಯಿ ಪ್ರದರ್ಶನಗಳೆಲ್ಲ ಮುಗಿದು, ಲೆಕ್ಕಪರಿಶೋಧಕರ ಸಹಿಯಾದ ತಖ್ತೆ ತಲುಪಿದ ಮೇಲೆ.

ಹೀಗಾಗಿ ಕೆಲಸ ನಡೆಯುವ ಅವಧಿಯಲ್ಲಿ ತಂಡ ತನ್ನ ಕಡೆಯಿಂದ 4,25,000 ರೂಪಾಯಿ ಹೊಂದಿಸಬೇಕು. ಟಿಕೆಟ್ ಮತ್ತು ಊರಿನ ವಂತಿಗೆಯಿಂದ 3 ಲಕ್ಷ ಕೂಡಿತೆಂದರೂ 1,25,000 ರೂಪಾಯಿ ಕೊರತೆ ಉಳಿಯುತ್ತದೆ. ಬಡಗಿಗೆ, ಲಾರಿಯವನಿಗೆ, ದೀಪದ ಬಾಡಿಗೆಯವನಿಗೆ ಎರಡನೆಯ ಕಂತು ಬರುವವರೆಗೆ ಕಾಯಿರಿ ಎನ್ನಲಾಗದು. ತಂಡದ ಕಾರ್ಯದರ್ಶಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತರುತ್ತಾರೆ. ಹಣ ಬರಲು ಹತ್ತು ತಿಂಗಳಾದರೆ ಬಡ್ಡಿಯೇ 25,000 ರೂಪಾಯಿ. ಈ ಬಡ್ಡಿಯನ್ನು ಅನುದಾನದ ಯಾವ ಬಾಬತ್ತಿನಲ್ಲೂ ತೋರಿಸಲು ಸಾಮಾನ್ಯವಾಗಿ ಅವಕಾಶವಿರದು. ಕಾಗದದ ಮೇಲೆ 5 ಲಕ್ಷವೆಂದು ಕಾಣುವ ಅನುದಾನ ವಾಸ್ತವದಲ್ಲಿ 4,75,000 ರೂಪಾಯಿ ಆಯಿತು.

ಮುಂದಿನ ವರ್ಷ ಎರಡನೆಯ ಕಂತಿನಲ್ಲಿ ಹಳೆಯ ಸಾಲದ ಅಸಲು ತೀರುತ್ತದೆ. ಬಡ್ಡಿ ಕಾರ್ಯದರ್ಶಿಯ ಸ್ವಂತ ಜೇಬಿನಿಂದ ಹೋಗುತ್ತದೆ. ಹೀಗೆ ಎರಡು ಮೂರು ವರ್ಷ ನಡೆದರೆ ಅವರ ಮನೆಯವರು ಸಹಿಸುವುದಿಲ್ಲ, ತಂಡ ಮುಚ್ಚುತ್ತದೆ. ಅನುದಾನ ದೊರೆಯದೆ ಸೊರಗಿದ ತಂಡಗಳಂತೆಯೇ, ಅನುದಾನ ದೊರೆತೂ ಅದನ್ನು ತಾಳಿಕೊಳ್ಳುವ ಬಂಡವಾಳವಿಲ್ಲದೆ ನಿಲ್ಲುವ ತಂಡಗಳೂ ಇರುವುದು ಈ ಕಾರಣದಿಂದ. ದೊಡ್ಡ ಆರ್ಡರು ಹಿಡಿದು, ಕಚ್ಚಾ ಸಾಮಗ್ರಿಗೆ ಹಣವಿಲ್ಲದೆ ಬಾಗಿಲು ಹಾಕಿದ ಸಣ್ಣ ಕಾರ್ಖಾನೆಯ ಕತೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ವರ್ತಕರ ಹಣ ಮತ್ತು ತೆರಿಗೆ

ವರ್ತಕರು ಕಲಾ ಸಂಸ್ಥೆಗೆ ಹಣ ಕೊಡುವಾಗ ಅದು ದೇಣಿಗೆಯೋ ಪ್ರಾಯೋಜಕತ್ವವೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಅಪೇಕ್ಷಣೀಯ. ತೆರಿಗೆಯ ಪರಿಣಾಮ ಎರಡಕ್ಕೂ ಬೇರೆ.

ದೇಣಿಗೆಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಮೂಲಕ ಪರಿಚಿತವಾದ ರಿಯಾಯಿತಿ ಉಂಟು. (2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರಚಿತವಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ.) ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಯ ಅರ್ಧಭಾಗವನ್ನು ನಿಗದಿತ ಮಿತಿಯೊಳಗೆ ಆದಾಯದಿಂದ ಕಳೆಯಬಹುದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಈ ಸೌಲಭ್ಯವಿಲ್ಲ. ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಬೇಕು. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗೆ ಈ ರಿಯಾಯಿತಿಯೇ ದೊರೆಯದು ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ. 1996ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಟ್ಟ ದೇಣಿಗೆಗೆ ಹಳೆಯ ಕಾಯ್ದೆಯಲ್ಲಿ ಪೂರ್ಣ ರಿಯಾಯಿತಿಯಿತ್ತು.

ಪ್ರಾಯೋಜಕತ್ವದ ಹಣ ಪ್ರಚಾರ ವೆಚ್ಚವಾಗಿ ವ್ಯವಹಾರದ ಖರ್ಚಿನಲ್ಲಿ ಸೇರಬಹುದು. ಆದರೆ ಅಲ್ಲಿ ಸರಕು ಮತ್ತು ಸೇವಾ ತೆರಿಗೆ ಎದುರಾಗುತ್ತದೆ. ನ್ಯಾಸ ಅಥವಾ ಸಂಘವೊಂದರ ಕಾರ್ಯಕ್ರಮವನ್ನು ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಪ್ರಾಯೋಜಿಸಿದರೆ ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಪ್ರಾಯೋಜಕರೇ ಕಟ್ಟಬೇಕು. ದರ ಶೇಕಡಾ 18. ಸೇವೆ ಕೊಡುವವರು ಕಂಪನಿಯಂತಹ ನಿಗಮಿತ ಸಂಸ್ಥೆಯಾಗಿದ್ದರೆ 2025ರ ಜನವರಿ 16ರಿಂದ ಆ ಹೊಣೆ ಅವರದೇ. ಒಂದು ಲಕ್ಷ ರೂಪಾಯಿ ಪ್ರಾಯೋಜಿಸಿದ ಪಾಲುದಾರಿಕೆ ಸಂಸ್ಥೆ 18,000 ರೂಪಾಯಿ ತೆರಿಗೆಯನ್ನು ಮರೆತರೆ ಮುಂದೆ ಬಡ್ಡಿಯೊಡನೆ ಕಟ್ಟಬೇಕಾದೀತು.

ದಾನಿಯ ಹೆಸರನ್ನು ಕೃತಜ್ಞತೆಗಾಗಿ ಮಾತ್ರ ಬರೆದು, ಅದರಲ್ಲಿ ವ್ಯಾಪಾರದ ಪ್ರಚಾರ ಇಲ್ಲದಿದ್ದರೆ ಈ ತೆರಿಗೆ ಬರುವುದಿಲ್ಲವೆಂದು ಪರೋಕ್ಷ ತೆರಿಗೆ ಮಂಡಳಿಯು 2019ರ ಅಕ್ಟೋಬರ್ 11ರ ಸುತ್ತೋಲೆಯಲ್ಲಿ ವ್ಯಕ್ತಿಗತ ದಾನಿಗಳ ವಿಷಯವಾಗಿ ಸ್ಪಷ್ಟಪಡಿಸಿದೆ. ಸಭಾಂಗಣದ ಕುರ್ಚಿಯ ಮೇಲೆ ತಂದೆಯವರ ಸ್ಮರಣಾರ್ಥವೆಂದು ಬರೆಸುವುದು ಬೇರೆ. ಅಂಗಡಿಯ ಹೆಸರು, ಮಾರಾಟದ ಸರಕು, ದೂರವಾಣಿ ಸಂಖ್ಯೆ ಬರೆಸುವುದು ಬೇರೆ.

ದೊಡ್ಡ ಕಂಪನಿಗಳಿಗೆ 2014ರ ಏಪ್ರಿಲ್‌ನಿಂದ ಸಾಮಾಜಿಕ ಹೊಣೆಗಾರಿಕೆಯ ನಿಯಮ ಅನ್ವಯಿಸುತ್ತಿದೆ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ವೆಚ್ಚ ಮಾಡಬೇಕು. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆ ಹಾಗೂ ಕರಕುಶಲ ಕೈಗಾರಿಕೆಗಳಿಗೂ ಸ್ಥಾನವಿದೆ. ಕಂಪನಿಯ ಸರಕಿಗೆ ಪ್ರಚಾರ ಪಡೆಯುವ ಉದ್ದೇಶದ ಪ್ರಾಯೋಜಕತ್ವ ಮಾತ್ರ ಇದರಲ್ಲಿ ಸೇರುವುದಿಲ್ಲ. ಇಂತಹ ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಸಣ್ಣ ಉದ್ಯಮಿಗಳಿಗೆ ಈ ಕಾನೂನು ಅನ್ವಯಿಸದಿದ್ದರೂ ತಾವು ಬಿಡಿಭಾಗ ಪೂರೈಸುವ ದೊಡ್ಡ ಕಂಪನಿಗೆ ಊರಿನ ಅರ್ಹ ಸಂಸ್ಥೆಯನ್ನು ಪರಿಚಯಿಸುವುದು ಅವರಿಂದ ಸಾಧ್ಯ.

ಸಂಸ್ಥೆಗಳಿಗೂ ಕೆಲವು ವಿನಾಯಿತಿಗಳಿವೆ. ತಲಾ 500 ರೂಪಾಯಿ ಮೀರದ ನಾಟಕ, ಸಂಗೀತ, ನೃತ್ಯ ಪ್ರದರ್ಶನದ ಟಿಕೆಟಿಗೂ, 1.5 ಲಕ್ಷ ರೂಪಾಯಿ ಮೀರದ ಜಾನಪದ ಹಾಗೂ ಶಾಸ್ತ್ರೀಯ ಕಲಾವಿದರ ಸಂಭಾವನೆಗೂ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿಯಿದೆ.

ವರ್ತಕರಿಂದ ಆಗಬಹುದಾದ ಕೆಲಸ

ಇಷ್ಟೆಲ್ಲವನ್ನು ಗಮನಿಸಿದಾಗ, ಅನುದಾನ ತುಂಬಲಾರದ ಜಾಗ ಯಾವುದೆಂಬುದು ಸ್ಪಷ್ಟವಾಗುತ್ತದೆ. ವರ್ತಕರ ಹಣ ಮತ್ತು ಅನುಭವಗಳೆರಡೂ ಸಲ್ಲಬೇಕಾದುದು ಅಲ್ಲಿಯೇ.

ಮೊದಲನೆಯದು, ಕಂತುಗಳ ನಡುವಿನ ಅವಧಿಗೆ ಬಡ್ಡಿರಹಿತ ಕೈಗಡ. ಮಂಜೂರಾತಿ ಆದೇಶದ ಪ್ರತಿ ನೋಡಿ, ಸಂಘದ ಬ್ಯಾಂಕ್ ಖಾತೆಗೇ ಹಣ ಕೊಟ್ಟು, ಎರಡನೆಯ ಕಂತು ಬಂದೊಡನೆ ಹಿಂದಿರುಗಿಸುವಂತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬಹುದು. ಮೇಲಿನ ಉದಾಹರಣೆಯಲ್ಲಿ ಐದು ಜನ ವರ್ತಕರು ತಲಾ 25,000 ರೂಪಾಯಿ ಹೊಂದಿಸಿದ್ದರೆ ತಂಡಕ್ಕೆ 25,000 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಕಂತು ತಡವಾಗುವ, ಕಡಿತವಾಗುವ ಸಂಭವ ಇದ್ದೇ ಇರುವುದರಿಂದ ಕೊಡುವವರು ತಮ್ಮ ಶಕ್ತಿಯನ್ನು ನೋಡಿಕೊಂಡೇ ಮುಂದಾಗಬೇಕು.

ಎರಡನೆಯದು, ಬಾಬತ್ತು ಕಟ್ಟದ ಸಣ್ಣ ದೇಣಿಗೆ. ಬಾಡಿಗೆ, ವಿದ್ಯುತ್, ಲೆಕ್ಕ ಬರೆಯುವವರ ಸಂಬಳ ಇಂತಹ ಬಾಬತ್ತುಗಳಿಗೆ ಅನುದಾನ ಅಪರೂಪ. ಸ್ಮರಣ ಸಂಚಿಕೆಯ ಒಂದು ಪುಟಕ್ಕೆ ಕೊಟ್ಟ ಹಣದಲ್ಲಿ ಕಾಗದ ಮತ್ತು ಮುದ್ರಣಕ್ಕೆ ಒಂದು ಪಾಲು ಹೋಗುತ್ತದೆ. ಅದೇ ಹಣವನ್ನು ತಿಂಗಳ ಬಾಡಿಗೆಯೆಂದು ನಿಯಮಿತವಾಗಿ ಕೊಟ್ಟರೆ ತಂಡಕ್ಕೆ ನೆಲೆ ಸಿಗುತ್ತದೆ.

ಮೂರನೆಯದು, ಲೆಕ್ಕದ ತಿಳಿವಳಿಕೆ. ನಗದು ಪುಸ್ತಕ ಬರೆಯುವುದು, ವೋಚರು ಜೋಡಿಸುವುದು, ಪ್ರತಿ ಅನುದಾನಕ್ಕೂ ಪ್ರತ್ಯೇಕ ಖಾತೆ ಇಡುವುದು ವರ್ತಕರಿಗೆ ದಿನನಿತ್ಯದ ಕೆಲಸ. ತಮ್ಮ ಗುಮಾಸ್ತರ ಎರಡು ದಿನದ ಸಮಯವನ್ನು ಮಾರ್ಚ್ ತಿಂಗಳ ಮೊದಲೇ ಒದಗಿಸಿದರೂ ಸಂಘವೊಂದರ ಹಣ ಬಳಕೆ ಪ್ರಮಾಣಪತ್ರ ಸಕಾಲಕ್ಕೆ ತಯಾರಾಗುತ್ತದೆ. ಖಾಲಿ ಗೋದಾಮನ್ನು ತಾಲೀಮಿಗೆ ಬಿಟ್ಟುಕೊಡುವುದು, ಸರಕು ಇಳಿಸಿ ಮರಳುವ ಲಾರಿಯಲ್ಲಿ ರಂಗಸಜ್ಜಿಕೆ ಸಾಗಿಸಿಕೊಡುವುದು ಸಹ ನಗದಿಗೆ ಸಮನಾದ ನೆರವೇ.

ಹಣ ಕೊಡುವ ಮುನ್ನ ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಹೀಗೆ ಕ್ರೋಡೀಕರಿಸಬಹುದು:

1. ಸಂಘ ಅಥವಾ ನ್ಯಾಸದ ನೋಂದಣಿ ಚಾಲ್ತಿಯಲ್ಲಿದೆಯೇ? ಕಳೆದ ವರ್ಷದ ಲೆಕ್ಕಪರಿಶೋಧನೆ ಆಗಿದೆಯೇ?

2. ತೆರಿಗೆ ರಿಯಾಯಿತಿಯ ಅನುಮೋದನೆ ಇದೆಯೇ, ಅದರ ಅವಧಿ ಯಾವಾಗ ಮುಗಿಯುತ್ತದೆ?

3. ಈ ಕಾರ್ಯಕ್ಕೆ ಅನುದಾನ ಮಂಜೂರಾಗಿದೆಯೇ? ಎಷ್ಟು ಬಂದಿದೆ, ಎಷ್ಟು ಬಾಕಿ?

4. ಹಿಂದಿನ ಅನುದಾನದ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಲಾಗಿದೆಯೇ?

5. ಕೊಡುವ ಹಣ ದೇಣಿಗೆಯೋ, ಪ್ರಾಯೋಜಕತ್ವವೋ, ಕೈಗಡವೋ? ರಸೀದಿಯಲ್ಲಿ ಅದರ ನಮೂದು ಇರುತ್ತದೆಯೇ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡಬಲ್ಲ ತಂಡ ಅನುದಾನಕ್ಕೂ ಅರ್ಹ, ವರ್ತಕರ ವಿಶ್ವಾಸಕ್ಕೂ ಅರ್ಹ. ಉತ್ತರ ಕೊಡಲಾರದ ತಂಡವನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುವುದಕ್ಕಿಂತ ಮೊದಲು ಲೆಕ್ಕ ಸರಿಪಡಿಸಿಕೊಳ್ಳಲು ನೆರವಾಗುವುದು ಒಳ್ಳೆಯದು. ವರ್ತಕ ಸಂಘಗಳು ತಮ್ಮ ಊರಿನ ನಾಲ್ಕಾರು ಕಲಾ ಸಂಸ್ಥೆಗಳ ಕಾರ್ಯದರ್ಶಿಗಳನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ಒಂದು ಸಂಜೆ ಒಟ್ಟಿಗೆ ಕೂರಿಸಿದರೆ ಈ ಕೆಲಸಕ್ಕೆ ಆರಂಭ ದೊರೆಯುತ್ತದೆ. ಅದಕ್ಕೆ ಯಾವ ಅನುದಾನದ ಮಂಜೂರಾತಿಯೂ ಬೇಕಿಲ್ಲ.